ತಾಯಿ ಕಾರ್ಡಿನ ಗುರುವಾರ

ಗುರುವಾರ ಲಸಿಕೆಯ ದಿನ. ಗಂಗಾವತಿ ಸೀಮೆಯ ಭತ್ತದ ಗದ್ದೆಗಳ ನಡುವಿನ ಊರು. ಹತ್ತು ಹೊಡೆಯುವುದರೊಳಗೆ ಅಂಗನವಾಡಿ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಕುಕ್ಕರಿನ ಸೀಟಿ, ಬೇಯುವ ಮೊಟ್ಟೆಯ ವಾಸನೆ, ಸೂಜಿ ಚುಚ್ಚಿಸಿಕೊಂಡ ಕೂಸಿನ ಚೀರಾಟ. ಅದನ್ನು ಕೇಳಿ ಸರದಿಗೆ ಕಾದಿದ್ದ ಕೂಸುಗಳೂ ರಾಗ ತೆಗೆದಿವೆ. ಗೋಡೆಯ ಅ ಆ ಇ ಈ ಕೆಳಗೆ ಸಿಸ್ಟರು ಲಸಿಕೆ ಪೆಟ್ಟಿಗೆ ತೆರೆದು ಕೂತಿದ್ದಾರೆ. ಪಕ್ಕದಲ್ಲಿ ಟೀಚರಮ್ಮ ತಕ್ಕಡಿ ನೇತುಹಾಕುತ್ತಿದ್ದಾರೆ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಹೊಸಿಲಲ್ಲೇ ನಿಂತು ಬಂದವರ ಲೆಕ್ಕ ಹಿಡಿಯುತ್ತಾಳೆ.

"ತಾಯಿ ಕಾರ್ಡ್ ಎಲ್ಲೈತವ್ವಾ?"

ಏಳು ತಿಂಗಳಿಗೆ ತವರಿಗೆ ಬಂದ ಹುಡುಗಿ ಸೆರಗು ತಿರುವುತ್ತಾಳೆ. "ಗಂಡನ ಮನ್ಯಾಗ ಉಳೀತ್ರೀ." ಆ ಊರು ಇರುವುದು ಪಕ್ಕದ ತಾಲ್ಲೂಕಿನಲ್ಲಿ. ರಕ್ತದ ಗುಂಪು, ಬಿ.ಪಿ., ಹಾಕಿಸಿಕೊಂಡ ಇಂಜೆಕ್ಷನ್, ಎಲ್ಲವೂ ಆ ಕಾರ್ಡಿನಲ್ಲಿವೆ. ಆಶಾ ಫೋನ್ ತೆಗೆದು ಅಲ್ಲಿಯ ಆಶಾಳಿಗೆ ಹಚ್ಚುತ್ತಾಳೆ. ಅರ್ಧ ತಾಸಿನಲ್ಲಿ ವಾಟ್ಸ್‌ಆ್ಯಪ್‌ಗೆ ಫೋಟೊ ಬರುತ್ತದೆ. ಹನ್ನೊಂದು ಇರಬೇಕಾದ ಹಿಮೋಗ್ಲೋಬಿನ್ ಎಂಟು. ಕಬ್ಬಿಣದ ಗುಳಿಗೆ ನುಂಗಿದರೆ ಕೂಸು ಕಪ್ಪಗಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಸಿಸ್ಟರು ಬೈಯಲಿಲ್ಲ. ಜತೆಗೆ ಬಂದ ಅವ್ವನನ್ನು ಹತ್ತಿರ ಕೂರಿಸಿಕೊಂಡರು.

ಅಂಗನವಾಡಿಯ ಯೋಜನೆ ಕರ್ನಾಟಕದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, ತಿ. ನರಸೀಪುರದಲ್ಲಿ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಸಿಸ್ಟರು, ಆಶಾ ಆರೋಗ್ಯ ಇಲಾಖೆಯವರು. ಒಂದೇ ಬಸುರಿಯ ಹೆಸರು ಎರಡೂ ಕಡೆಯ ಪುಸ್ತಕಗಳಿಗೆ ಏರುತ್ತದೆ. ಸಮನ್ವಯದ ಸಭೆಗಳು ಜಿಲ್ಲಾ ಕಚೇರಿಯಲ್ಲಿ ನಡೆಯುತ್ತಿರಲಿ. ನಾನು ಸಮನ್ವಯವನ್ನು ಕಣ್ಣಾರೆ ಕಂಡದ್ದು ಈ ಮೂವರು ಕೂತ ಜಮಖಾನದ ಮೇಲೆ.

ಮಧ್ಯಾಹ್ನ ಬಸುರಿ, ಬಾಣಂತಿಯರಿಗೆ ಮಾತೃಪೂರ್ಣದ ಊಟ: ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. 2017ರಿಂದ ನಡೆದುಬಂದ ಒಳ್ಳೆಯ ಯೋಜನೆ. ಆದರೆ ಬಾಣಂತಿ ಹೊಸಿಲು ದಾಟುವವಳಲ್ಲ, ನಾಟಿಗೆ ಹೋದ ಬಸುರಿಗೆ ಗದ್ದೆಯಿಂದ ಬಂದು ಉಣ್ಣುವಷ್ಟು ಪುರುಸೊತ್ತಿಲ್ಲ. ಕೇಂದ್ರಕ್ಕೇ ಬಂದು ಉಣ್ಣಬೇಕೆಂದು ನಿಯಮ ಬರೆದವರು ನಾಟಿಯ ಹಂಗಾಮು ನೋಡಿರಲಿಕ್ಕಿಲ್ಲ.

ಮೂಲೆಯಲ್ಲಿ ಟೀಚರಮ್ಮ ಮಗುವೊಂದರ ತೋಳಿಗೆ ಪಟ್ಟಿ ಸುತ್ತುತ್ತಾರೆ. ಹನ್ನೊಂದೂವರೆ ಸೆಂಟಿಮೀಟರಿಗೂ ಕಡಿಮೆ, ಕೆಂಪು. ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. "ಹದಿನಾಕು ದಿನ ಅಲ್ಲಿ ಕುಂತ್ರ ಕೂಲಿ ಯಾರು ಕೊಡ್ತಾರ್ರೀ?" ತಾಯಿಯ ಪ್ರಶ್ನೆ. ಕೂಲಿ ನಷ್ಟಕ್ಕೆ ಪರಿಹಾರವುಂಟು ಎಂದು ತಿಳಿಸಿದ ಮೇಲೂ ಅವಳ ಮುಖ ಸಡಿಲವಾಗಲಿಲ್ಲ: ಮನೆಯಲ್ಲಿ ಇನ್ನೆರಡು ಮಕ್ಕಳಿವೆ. ಅವನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು ಅತ್ತೆಯ ತನಕ ಹೋಗಬೇಕು. ಸಂಜೆ ಆಶಾ ಆ ಮನೆಗೆ ಹೋಗುತ್ತಾಳೆ. ದಾರಿಯಲ್ಲೇ ಮೂರು ದಿನದ ಬಾಣಂತಿಯೊಬ್ಬಳ ಕೂಸನ್ನು ತೂಗಿ ನೋಡುವುದಿದೆ.

ಇಷ್ಟು ಮಾಡುವ ಟೀಚರಮ್ಮನಾಗಲಿ ಆಶಾಳಾಗಲಿ ಸರ್ಕಾರಿ ನೌಕರರಲ್ಲ. ಅವರಿಗಿರುವುದು ಗೌರವಧನ, ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಊರಿಗೆ ಮರಳಿದರು.