ಕೇಳುತ್ತಿದ್ದ ಮನೆ ಮಾತಾಡತೊಡಗಿದಾಗ

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಎಕ್ಕಂಬಿಯ ನಮ್ಮ ಮನೆಗೆ ಬಂದರು. ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ಕುಳಿತುಕೊಳ್ಳುವ ಮೊದಲೇ ಸೆರಗಿನ ಮರೆಯಿಂದ ಒಂದು ಮೊಬೈಲ್ ತೆಗೆದು ನನ್ನ ಮುಂದಿಟ್ಟರು.

"ಆಪಾ, ಮಗಳ ಕೈಯಿಂದ ಇದನ್ನು ಕಿತ್ತುಕೊಂಡಿದ್ದೇನೆ. ಇನ್ನು ಮದುವೆಯಾಗುವ ತನಕ ಕೊಡುವುದಿಲ್ಲ. ನಾನು ಮಾಡಿದ್ದು ಸರಿಯಲ್ಲವೇ?"

ಹುಡುಗಿ ಶಿರಸಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಅವಳು ಮಾಡಿದ ತಪ್ಪೇನು? ಅವಳ ದಾದಿ ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವುದನ್ನು ನಾಲ್ಕು ನಿಮಿಷ ಮೊಬೈಲಿನಲ್ಲಿ ತೆಗೆದಿದ್ದಾಳೆ. ಯಾರ ಮುಖವೂ ಇಲ್ಲ. ಸುಕ್ಕುಗಟ್ಟಿದ ಎರಡು ಕೈ, ಸೂಜಿ ದಾರ, ಈ ತುಂಡು ಯಾರ ಲುಂಗಿಯದು, ಆ ತುಂಡು ಯಾರ ದುಪಟ್ಟಾದ್ದು ಎಂದು ಹೇಳುತ್ತಿರುವ ದಾದಿಯ ಧ್ವನಿ, ಅಷ್ಟೇ. ಅದನ್ನು ದುಬೈಯಲ್ಲಿರುವ ಚಾಚಾನಿಗೆ ಕಳಿಸಿದ್ದಾಳೆ. ಚಾಚಾ ಗೆಳೆಯರಿಗೆ ಕಳಿಸಿದ್ದಾರೆ. ಮೂರು ವಾರ ಕಳೆಯುವುದರೊಳಗೆ, ಯಾರ ಮನೆಯ ವಿಡಿಯೋ ಎಂಬುದೇ ಗೊತ್ತಿಲ್ಲದ ಹುಬ್ಬಳ್ಳಿಯ ನೆಂಟರೊಬ್ಬರು, "ನೋಡಿ, ಎಷ್ಟು ಚೆನ್ನಾಗಿದೆ" ಎಂದು ಅದನ್ನು ಈ ತಾಯಿಗೇ ಕಳಿಸಿದ್ದಾರೆ! ತಾಯಿಯ ಎದೆ ಧಸಕ್ಕೆಂದಿದೆ. ಇಂದು ಅತ್ತೆಯ ಕೈ ಹೋಯಿತು, ನಾಳೆ ಮಗಳ ಮುಖ ಹೋದರೆ?

ನಾನು ತಕ್ಷಣ ಉತ್ತರ ಕೊಡಲಿಲ್ಲ. ಚಹಾ ಮಾಡಲು ಒಳಗೆ ಹೋದೆ. ಒಲೆಯ ಮುಂದೆ ನಿಂತಾಗ ನೆನಪಾದದ್ದು ನಮ್ಮ ಅಬ್ಬಾರ ಟ್ರಾನ್ಸಿಸ್ಟರ್.

ಕಂದು ಬಣ್ಣದ ಚರ್ಮದ ಕವಚ ಹೊದ್ದ ಆ ರೇಡಿಯೋಗೆ ನಮ್ಮ ಮನೆಯಲ್ಲಿ ಮಕ್ಕಳಿಗಿಂತ ಹೆಚ್ಚಿನ ಮರ್ಯಾದೆಯಿತ್ತು. ಸೆಲ್ ಇಳಿದರೆ ಹೊಸದು ತರಲು ದುಡ್ಡಿಲ್ಲದೆ ಅಂಗಳದ ಬಿಸಿಲಲ್ಲಿ ಒಣಗಿಸಿ ಮತ್ತೆ ಹಾಕುತ್ತಿದ್ದೆವು. ಧಾರವಾಡ ಆಕಾಶವಾಣಿಯ ವಾರ್ತೆ, ಕೃಷಿಕರ ಕಾರ್ಯಕ್ರಮ, ಮಹಿಳೆಯರ ಕಾರ್ಯಕ್ರಮ ಎಲ್ಲವೂ ಅದರಿಂದಲೇ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರ 'ಆಕಾಶವಾಣಿ' ಎಂಬ ಹೆಸರನ್ನು ಕೊಟ್ಟಿತು. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾದ ಮೇಲೆ ನಮ್ಮ ಘಟ್ಟದ ಊರುಗಳಿಗೂ ಆ ಧ್ವನಿ ಬಂತು. ರಾತ್ರಿ ಅಮ್ಮಿಯ ಸರದಿ. ಅಮೀನ್ ಸಯಾನಿಯವರ ಗೀತ್‌ಮಾಲಾ. 1952ರಲ್ಲಿ ರೇಡಿಯೋ ಸಿಲೋನ್‌ನಿಂದ ಶುರುವಾದ ಆ ಕಾರ್ಯಕ್ರಮದಲ್ಲಿ ಅವರು 'ಬೆಹನೋ' ಎಂದು ಮೊದಲು ಸಹೋದರಿಯರನ್ನು ಕರೆದು ಆಮೇಲೆ 'ಭಾಯಿಯೋ' ಎನ್ನುತ್ತಿದ್ದರು. ಆ ಒಂದು ಮಾತಿಗೇ ಅಮ್ಮಿಯ ಮುಖ ಅರಳುತ್ತಿತ್ತು. 2024ರಲ್ಲಿ ಸಯಾನಿಯವರು ತೀರಿಕೊಂಡ ಸುದ್ದಿ ಕೇಳಿ ಅಮ್ಮಿ, ಮನೆಯವರೇ ಯಾರೋ ಹೋದಂತೆ ಸುಮ್ಮನೆ ಕುಳಿತುಬಿಟ್ಟರು.

ಆದರೆ ಪೆಟ್ಟಿಗೆ ಹೇಳುತ್ತಿತ್ತು, ನಾವು ಕೇಳುತ್ತಿದ್ದೆವು. ನಮಗೂ ಹೇಳುವುದಿದೆ ಎಂದು ಅದಕ್ಕೆ ಗೊತ್ತಾಗಲು ಒಂದು ಪೋಸ್ಟ್ ಕಾರ್ಡ್ ಬರೆಯಬೇಕಿತ್ತು. ಬರೆಯಲು ಬಾರದ ಹೆಂಗಸರು ಏನು ಮಾಡಬೇಕು?

ಇದಕ್ಕೆ ಪರಿಹಾರ ಹುಡುಕಿದವರು ಯಾವ ವಿಜ್ಞಾನಿಯೂ ಅಲ್ಲ, ಸಾಮಾನ್ಯ ಮನೆಯವರೇ. ಗಲ್ಫ್‌ಗೆ ದುಡಿಯಲು ಹೋದವರು ರಜೆಯಲ್ಲಿ ಬರುವಾಗ ಟೇಪ್ ರೆಕಾರ್ಡರ್ ಹೊತ್ತು ತರುತ್ತಿದ್ದ ಕಾಲ. ಹಾಡು ಕೇಳಲೆಂದು ತಂದ ಆ ಯಂತ್ರದ ಕೆಂಪು ಗುಂಡಿ ಒತ್ತಿದರೆ ನಮ್ಮ ಮಾತೂ ಅದರಲ್ಲಿ ಉಳಿಯುತ್ತದೆಂದು ತಿಳಿದದ್ದೇ ತಡ, ಕಾಸರಗೋಡಿನಿಂದ ಭಟ್ಕಳದವರೆಗೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಕ್ಯಾಸೆಟ್ಟೇ ಪತ್ರವಾಯಿತು. ಪತ್ರ ಬರೆಸಲು ನೆರೆಮನೆಯ ಹುಡುಗನ ಮುಂದೆ ಗುಟ್ಟು ಬಿಚ್ಚಬೇಕಾಗಿದ್ದ ಹೆಂಡತಿ ಬಾಗಿಲು ಹಾಕಿಕೊಂಡು ಗಂಡನ ಜೊತೆ ಮಾತಾಡಿದಳು. ಮಗುವಿನ ಮೊದಲ ತೊದಲು, ಅಜ್ಜಿಯ ಕೆಮ್ಮು, ಹಿತ್ತಲಿನ ಕೋಳಿಯ ಕೂಗು ಎಲ್ಲವೂ ಸೇರಿ ಆ ಕ್ಯಾಸೆಟ್, ಊರಿಗೆ ಬಂದು ಮರಳುವವರ ಪೆಟ್ಟಿಗೆಯಲ್ಲಿ ಸಮುದ್ರ ದಾಟುತ್ತಿತ್ತು. ನಮ್ಮ ಅಮ್ಮಿಯೂ ನನ್ನ ಮಾಮೂಗೆ ಹೀಗೊಂದು ಕ್ಯಾಸೆಟ್ ತುಂಬಿದ್ದರು. ಅರ್ಧ ಕ್ಯಾಸೆಟ್ ಅಳು. ಉಳಿದರ್ಧ, ತರಬೇಕಾದ ಸಾಮಾನಿನ ಪಟ್ಟಿ.

ಈಗಿನ ವಾಯ್ಸ್ ಮೆಸೇಜ್ ಬೇರೇನು? ಆಗ ತಿಂಗಳು ಹಿಡಿಯುತ್ತಿದ್ದುದು ಈಗ ಕ್ಷಣದಲ್ಲಿ ಮುಟ್ಟುತ್ತದೆ. ಆದರೆ ಇನ್ನೊಂದು ವ್ಯತ್ಯಾಸವಿದೆ, ನಾವು ಗಮನಿಸುವುದೇ ಇಲ್ಲ. ಆ ಕ್ಯಾಸೆಟ್ ಒಂದೇ ಇತ್ತು. ಮಾಮೂನ ಕೈಯಿಂದ ಅದು ಮುಂದೆ ಹೋಗಬೇಕಾದರೆ ಇನ್ನೊಂದು ಯಂತ್ರ, ಇನ್ನೊಂದು ಖಾಲಿ ಕ್ಯಾಸೆಟ್, ಒಂದಷ್ಟು ಸಮಯ ಬೇಕಿತ್ತು. ಇಂದು ಬೆರಳ ತುದಿ ಸಾಕು.

ಅದೇ ಕ್ಯಾಸೆಟ್ಟು ನಮ್ಮ ಜಿಲ್ಲೆಯ ಯಕ್ಷಗಾನವನ್ನೂ ಬದಲಿಸಿತು. ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಹೋದ ಮೇಲೂ ಶಿರಸಿ, ಸಿದ್ದಾಪುರದ ಚಹಾದಂಗಡಿಗಳಲ್ಲಿ ಅವರ ಪದ ನಿಲ್ಲಲಿಲ್ಲ. ರಾತ್ರಿಯಿಡೀ ಆಟ ನೋಡಲು ಹೋಗಲಾಗದ ಹೆಂಗಸರೂ ಹಗಲು ಅಡಿಕೆ ಸುಲಿಯುತ್ತ ಅದನ್ನು ಕೇಳಿದರು.

ಟಿ.ವಿ.ಯ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ. ಊರಿಗೊಂದು ಟಿ.ವಿ.ಯಿದ್ದ ಕಾಲ ಹೋಗಿ, 1994ರಲ್ಲಿ ಉದಯ ಟಿ.ವಿ. ಬಂದ ಮೇಲೆ ಅತ್ತೆ-ಸೊಸೆ ಧಾರಾವಾಹಿಗಳು ಅಡುಗೆಮನೆಯ ವೇಳಾಪಟ್ಟಿಯನ್ನೇ ತಿದ್ದಿದವು. ಅದೂ ಹೇಳುವ ಪೆಟ್ಟಿಗೆಯೇ.

ಕೇಳುವವರ ಕೈಗೇ ಮೈಕು ಕೊಟ್ಟ ಒಂದು ಪ್ರಯತ್ನವನ್ನು ಮಾತ್ರ ಇಲ್ಲಿ ನೆನೆಯಬೇಕು. ಕೋಲಾರ ಜಿಲ್ಲೆಯ ಬೂದಿಕೋಟೆ ಹೈದರ್ ಅಲಿ ಹುಟ್ಟಿದ ಊರು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಹುಟ್ಟಿಕೊಂಡಿತು. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಇಂಥ ಹಳ್ಳಿಯ ಸಂಘಗಳಿಗೆ ಪ್ರಸಾರದ ಪರವಾನಗಿ ಕೊಡುವ ನಿಯಮ ಬಂದದ್ದು 2006ರಲ್ಲಿ. ಅಲ್ಲಿಯ ತನಕ ಕೈಕಟ್ಟಿ ಕೂರುವುದೇ? ಅವರು ಕಂಡುಕೊಂಡ ಉಪಾಯ ನೋಡಿ. ಊರಿನ ಟಿ.ವಿ. ಕೇಬಲ್ ತಂತಿಯಲ್ಲೇ ತಮ್ಮ ಧ್ವನಿ ಹರಿಸಿದರು! ಸ್ವಸಹಾಯ ಸಂಘದ ಮಹಿಳೆಯರು ತಮ್ಮದೇ ಭಾಷೆಯಲ್ಲಿ ಕಾರ್ಯಕ್ರಮ ಮಾಡಿದರು.

ಸಿನಿಮಾದಲ್ಲೂ ಹೀಗೊಂದು ಉಪಾಯ ನಡೆಯಿತು. ನಿರ್ಮಾಪಕರು ಸಿಗದಿದ್ದಾಗ ಪವನ್ ಕುಮಾರ್ ಅವರು ಅಂತರ್ಜಾಲದಲ್ಲಿ ಪ್ರೇಕ್ಷಕರಿಂದಲೇ ಹಣ ಕೂಡಿಸಿ 'ಲೂಸಿಯಾ' ಮಾಡಿದರು. 2013ರಲ್ಲಿ ಅದು ತೆರೆ ಕಂಡಿತು. ಚಿತ್ರ ನನಗೆ ಹಿಡಿಸಿತೇ ಇಲ್ಲವೇ ಎಂಬುದು ಬೇರೆ ಮಾತು. ಟಿಕೆಟ್ ಕೊಂಡು ಸುಮ್ಮನೆ ಕೂರುತ್ತಿದ್ದವರು ಏನು ತಯಾರಾಗಬೇಕೆಂದು ಮೊದಲೇ ಹೇಳಿದ್ದು ಹೊಸದು.

ಇನ್ನು ನಮ್ಮ ಊರಿನ ಮಾತು. ಕೆಲವು ವರ್ಷಗಳ ಹಿಂದಿನವರೆಗೂ ಬಸ್ ಸ್ಟಾಪಿನ ಪಕ್ಕದ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್‌ಗೆ ಹಾಡು 'ತುಂಬಿಸಿಕೊಂಡು' ಬರುವುದಿತ್ತು, ಹಿಟ್ಟಿನ ಗಿರಣಿಗೆ ಹೋಗಿ ಬಂದ ಹಾಗೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು, ಆ ಅಂಗಡಿಯ ವ್ಯಾಪಾರ ಮುಗಿಯಿತು. ಕಾಡಿನ ಮಧ್ಯದ ಎಷ್ಟೋ ಮನೆಗಳಿಗೆ ಸಿಗ್ನಲ್ ಸಿಗಲಿಲ್ಲ. 2020ರ ಲಾಕ್‌ಡೌನಿನಲ್ಲಿ ನಮ್ಮ ತಾಲೂಕಿನ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿದ್ದನ್ನು ಇಡೀ ರಾಜ್ಯ ನೋಡಿತು. ಆದರೂ ಹೆಚ್ಚಿನ ಮನೆಗಳು ಅಷ್ಟು ಹೊತ್ತಿಗೆ ಸ್ವತಃ ಒಂದೊಂದು ಬಾನುಲಿ ಕೇಂದ್ರವಾಗಿದ್ದವು. ಯಾರ ಪರವಾನಗಿಯೂ ಬೇಡ.

ಪರವಾನಗಿ ಬೇಡದ ಕೇಂದ್ರದಿಂದ ಏನು ಹೊರಟಿತು? 2017ರ ಡಿಸೆಂಬರ್ ನಮ್ಮಲ್ಲಿ ಯಾರಿಗೆ ಮರೆತಿದೆ? ಹೊನ್ನಾವರದ ಕೆರೆಯಲ್ಲಿ ಒಬ್ಬ ಯುವಕನ ಶವ ಸಿಕ್ಕಿತು. ಅವನೂ ಒಬ್ಬ ತಾಯಿಯ ಮಗ. ಅವನನ್ನು ಹಿಂಸಿಸಿ ಕೊಂದರೆಂಬ ಸಂದೇಶಗಳು ಫೋಟೋ ಸಹಿತ ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಕೆಲವೇ ದಿನಗಳಲ್ಲಿ ಬೆಂಕಿ ಶಿರಸಿಯ ಬೀದಿಗೆ ಬಂತು. ಅಂದು ನಾವು ಬಾಗಿಲು ಹಾಕಿ ಕುಳಿತಿದ್ದೆವು. 2022ರಲ್ಲಿ ಸಿಬಿಐ, ಇದು ಕೊಲೆಯಲ್ಲ, ಆಕಸ್ಮಿಕ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಸುಳ್ಳಿಗೆ ಕೆಲವು ಗಂಟೆ ಸಾಕಾಗಿತ್ತು, ವರದಿಗೆ ಐದು ವರ್ಷ ಬೇಕಾಯಿತು.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ನಡೆದದ್ದು ಇನ್ನೂ ಘೋರ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸಂದೇಶ ಅವರ ಕಾರಿಗಿಂತ ಮೊದಲು ಮುಂದಿನ ಹಳ್ಳಿ ಮುರ್ಕಿಯನ್ನು ತಲುಪಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಹೊಡೆದರು. ಅವರಲ್ಲೊಬ್ಬ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡ. ಇಂಥ ಸಾವುಗಳ ಬಳಿಕವೇ ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂಬ ಮಿತಿ ತರುವುದಾಗಿ ಪ್ರಕಟಿಸಿತು. ಯಂತ್ರಕ್ಕೆ ಮಿತಿ ಬಂತು, ನಮ್ಮ ಬೆರಳಿಗೆ ಬಂದಿದೆಯೇ? ನಮ್ಮ ಹೆಂಗಸರ ಗುಂಪುಗಳಲ್ಲೂ "ಇದನ್ನು ಹತ್ತು ಜನರಿಗೆ ಕಳಿಸಿ" ಎಂಬ ಸಂದೇಶ ದಿನಕ್ಕೆ ನಾಲ್ಕು ಬರುತ್ತದೆ. ಹದೀಸ್ ಎಂದು ಹೆಸರಿಟ್ಟು ಕಳಿಸುವವರೂ ಇದ್ದಾರೆ. ಮದ್ರಸದಲ್ಲಿ ನಮಗೆ ಮಾತಿಗಿಂತ ಮೊದಲು ಸನದ್ ಕೇಳಲು ಕಲಿಸಿದ್ದರು. ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಆ ಸರಪಳಿ ಎಲ್ಲಾದರೂ ತುಂಡಾಗಿದೆಯೇ? ಮೊಬೈಲ್ ಹಿಡಿದಾಗ ಅದೇಕೆ ಮರೆಯುತ್ತದೋ.

ಆ ತಾಯಿಯ ಭಯಕ್ಕೂ ಆಧಾರವಿಲ್ಲದಿಲ್ಲ. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಮಹಿಳೆಯ ವಿಡಿಯೋಗೆ ಅಂಟಿಸಿ ಹರಿಯಬಿಟ್ಟರು. ಕಂಪ್ಯೂಟರಿನ ಕೃತಕ ಬುದ್ಧಿ ಮಾಡಿದ ಕೆಲಸ. ಅದಕ್ಕೂ ಮೊದಲು, 2022ರ ಹೊಸ ವರ್ಷದ ದಿನ, 'ಬುಲ್ಲಿ ಬಾಯಿ' ಎಂಬ ಆ್ಯಪ್‌ನಲ್ಲಿ ಮುಸ್ಲಿಂ ಮಹಿಳೆಯರ ಫೋಟೋ ಹಾಕಿ 'ಹರಾಜಿ'ಗಿಟ್ಟಿದ್ದರು. ಪತ್ರಕರ್ತೆಯರು, ವಕೀಲೆಯರು, ಧ್ವನಿಯೆತ್ತುವ ಹೆಣ್ಣುಮಕ್ಕಳನ್ನೇ ಆರಿಸಿಕೊಂಡಿದ್ದರು. ಬಂಧಿತರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯಿದ್ದ. ಹದಿನೆಂಟರ ಆಸುಪಾಸಿನ ಒಬ್ಬ ಹುಡುಗಿಯೂ ಇದ್ದಳೆಂಬುದು ನನ್ನನ್ನು ಹೆಚ್ಚು ಕಾಡಿತು.

ಚಹಾ ತಂದಿಟ್ಟು ನಾನು ಆ ತಾಯಿಗೆ ಹೇಳಿದ್ದು ಇಷ್ಟು. "ಫೋನ್ ನಿಮ್ಮ ಸೆರಗಿನಲ್ಲಿದ್ದರೆ ಮಗಳ ಫೋಟೋ ಯಾರ ಕೈಗೂ ಸಿಗುವುದಿಲ್ಲವೇ? ಮದುವೆ ಮನೆಯಲ್ಲಿ ನಾವೇ ತೆಗೆಯುವ ಫೋಟೋ ಎಷ್ಟು ಜನರ ಸ್ಟೇಟಸ್‌ನಲ್ಲಿದೆ, ಎಣಿಸಿದ್ದೀರಾ? ನಿಮ್ಮ ಮಗಳು ಮುಖ ಬೇಡ, ಕೈ ಸಾಕು ಎಂದು ತಾನೇ ಯೋಚಿಸಿದ್ದಾಳೆ. ಆ ಬುದ್ಧಿ ಮೊಬೈಲಿನದಲ್ಲ, ಅವಳದು. ಕಳಿಸುವ ಮೊದಲು ಮನೆಯಲ್ಲಿ ಒಂದು ಮಾತು ಕೇಳಲಿ. ನೀವೂ ಅವಳ ಫೋಟೋ ಕಳಿಸುವ ಮೊದಲು ಅವಳನ್ನು ಕೇಳಿ." ಏನಾದರೂ ಎಡವಟ್ಟಾದರೆ ಹುಡುಗಿ ಮೊದಲು ಓಡಿ ಬರಬೇಕಾದದ್ದು ತಾಯಿಯ ಹತ್ತಿರ. ಬೈಗುಳದ ಭಯವಿದ್ದರೆ ಬರುವುದಿಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಇಂಥ ಅಪರಾಧಗಳಿಗೆ ಪ್ರತ್ಯೇಕ ವಿಭಾಗವಿದೆ, ಹೆಸರು ಹೇಳದೆಯೂ ದೂರು ಕೊಡಬಹುದು. 1930 ಎಂಬ ಸಹಾಯವಾಣಿಯೂ ಇದೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ.

ಅವರು ಒಪ್ಪಿದರೋ ಇಲ್ಲವೋ ಅಂದು ತಿಳಿಯಲಿಲ್ಲ. ಮೊಬೈಲನ್ನು ಮತ್ತೆ ಸೆರಗಿನಲ್ಲಿಟ್ಟುಕೊಂಡು ಹೋದರು.

ಹದಿನೈದು ದಿನದ ಮೇಲೆ ಅವರ ಮನೆಗೆ ಹೋದಾಗ ಫೋನ್ ಹುಡುಗಿಯ ಕೈಯಲ್ಲಿತ್ತು, ದಾದಿ ಪಕ್ಕದಲ್ಲಿ ಕಿವಿಗೊಟ್ಟು ಕುಳಿತಿದ್ದರು. ತಮ್ಮದೇ ಧ್ವನಿಯನ್ನು ಅವರು ಕೇಳುತ್ತಿದ್ದುದು ಅದೇ ಮೊದಲಂತೆ. "ನಾನು ಹೀಗೆ ಮಾತಾಡ್ತೀನಾ?" ಎಂದು ನಕ್ಕರು. ಇನ್ನೊಮ್ಮೆ ಹಾಕಿಸಿದರು. ನಡುವೆ ಒಮ್ಮೆಲೇ ಮೊಮ್ಮಗಳ ಕೈ ಹಿಡಿದು ನಿಲ್ಲಿಸಿದರು.

"ಇಲ್ಲಿ ತಪ್ಪಾಗಿದೆ ಬೇಟಿ. ಆ ಹಸಿರು ತುಂಡು ನನ್ನ ಮದುವೆಯದ್ದಲ್ಲ, ನನ್ನ ತಂಗಿಯದ್ದು. ದುಬೈಗೆ ಹೇಳು. ಅವನು ಯಾರಿಗೆಲ್ಲ ಕಳಿಸಿದ್ದಾನೋ, ಅವರಿಗೆಲ್ಲ ತಿದ್ದಿ ಕಳಿಸಲಿ."