ಪಿಸಿ ಪದೇ ಪದೇ ಕೈಕೊಡ್ತಿದ್ಯಾ? ರ‍್ಯಾಮ್ ನೋಡಿ

ನೀವೇ ಜೋಡಿಸಿದ ಪಿಸಿ. ಗೇಮ್ ಮಧ್ಯೆ ನೀಲಿ ಪರದೆ, ಜಿಪ್ ಫೈಲ್ ಬಿಚ್ಚಿದ್ರೆ ಎರರ್, ತಾನಾಗೇ ರೀಸ್ಟಾರ್ಟ್. ವಿಂಡೋಸ್ ಮತ್ತೆ ಹಾಕೋ ಮುಂಚೆ ರ‍್ಯಾಮ್ ನೋಡಿ.

ಮೊದಲು ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ. ಇವು ಓವರ್‌ಕ್ಲಾಕಿಂಗ್ ಪ್ರೊಫೈಲ್‌ಗಳು. ಕಾಟ ನಿಂತ್ರೆ ರ‍್ಯಾಮ್ ಸ್ಟಿಕ್ಕೇ ಕೆಟ್ಟಿದೆ ಅಂತಲ್ಲ. ಆ ವೇಗ ನಿಮ್ಮ ಬೋರ್ಡಿಗೋ ಪ್ರೊಸೆಸರಿಗೋ ಒಗ್ಗದೇ ಇರಬಹುದು.

ನಿಲ್ಲಲಿಲ್ವಾ? ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ, ಅದರಿಂದಲೇ ಬೂಟ್ ಮಾಡಿ. ರಾತ್ರಿಯಿಡೀ ಓಡಲಿ. ಒಂದೇ ಒಂದು ಎರರ್ ಬಂದ್ರೂ ಫೇಲ್.

ಈಗ ಕಳ್ಳನನ್ನ ಹಿಡಿಯೋಣ. ಪವರ್ ಆಫ್ ಮಾಡಿ, ಪ್ಲಗ್ ಕಿತ್ತು, ಕೇಸಿನ ಲೋಹ ಮುಟ್ಟಿ. ಒಂದೊಂದೇ ಸ್ಟಿಕ್ ಹಾಕಿ ಟೆಸ್ಟ್ ಮಾಡಿ. ಯಾವ ಸ್ಲಾಟಲ್ಲಿ ಹಾಕಿದ್ರೂ ಅದೇ ಸ್ಟಿಕ್ ಎರರ್ ಕೊಟ್ರೆ, ಸ್ಟಿಕ್ಕಿನದೇ ದೋಷ. ಒಂದು ಸ್ಲಾಟಲ್ಲಿ ಎಲ್ಲಾ ಸ್ಟಿಕ್ಕೂ ಸೋತ್ರೆ ಬೋರ್ಡ್ ಮೇಲೆ ಅನುಮಾನ. ಪ್ರೊಸೆಸರಿನ ಅಥವಾ ಅದರ ಸಾಕೆಟ್ಟಿನ ಪಿನ್ ಬಾಗಿದೆಯಾ ಅಂತಲೂ ನೋಡಿ.

ಡಿಡಿಆರ್5 ಆದ್ರೆ, ಸ್ಟಿಕ್ ಬದಲಿಸಿದ ಮೇಲಿನ ಮೊದಲ ಬೂಟ್‌ಗೆ ಕೆಲವು ನಿಮಿಷ ಹಿಡಿಯಬಹುದು. ಪರದೆ ಕಪ್ಪಗಿದೆ ಅಂತ ಪವರ್ ಕೀಳಬೇಡಿ.

ಎರರ್ ಪರದೆಯ ಫೋಟೊ ತೆಗೆದಿಡಿ. ಜೋಡಿ ಕಿಟ್ ಆಗಿದ್ರೆ ಎರಡನ್ನೂ ಒಟ್ಟಿಗೇ ವಾರಂಟಿಗೆ ಕೊಡಿ.