ಮೊದಲು ಸೀದಾ, ಆಮೇಲೆ ಟೈಟು

ಸೈಲೆನ್ಸರ್ ಎಂಬ ಪದಕ್ಕೆ ನಮ್ಮ ಕ್ಲಾಸಿನಲ್ಲಿ ಎರಡು ಅರ್ಥಗಳಿವೆ. ಬೈಕ್ ಹುಚ್ಚು ಇರುವವರಿಗೆ ಅದು ಹೊಗೆ ಹೋಗುವ ಕೊಳವೆ. ಸಿನಿಮಾ ಹುಚ್ಚು ಇರುವವರಿಗೆ ಪಿಸ್ತೂಲಿನ ತುದಿಗೆ ತಿರುಗಿಸಿ ಹಾಕುವ ಕೊಳವೆ. ಕಳೆದ ತಿಂಗಳು ಎನ್‌ಸಿಸಿ ಶಿಬಿರದಲ್ಲಿ ಪಾಯಿಂಟ್ 22 ರೈಫಲ್ ಹಾರಿಸಿ ಬಂದ ಗೆಳೆಯನೊಬ್ಬ ಕೇಳಿದ: "ನಿಮ್ಮ ಮಾಮು ಗ್ಯಾರೇಜಿನಲ್ಲಿರುವ ಸೈಲೆನ್ಸರಿಗೂ ಕೋವಿಯ ಸೈಲೆನ್ಸರಿಗೂ ಏನಾದರೂ ಸಂಬಂಧ ಇದೆಯೇನೋ?" ನಾನು ಕಾಮರ್ಸ್ ವಿದ್ಯಾರ್ಥಿ. ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಅದೇ ವಾರ ಒಂದು ಸೈಲೆನ್ಸರ್ ನನ್ನ ಕೈಯಲ್ಲಿ ಕೆಟ್ಟಿತ್ತು. ಹಾಗಾಗಿ ಹುಡುಕಿ ಓದಿದೆ.

ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ಗೆಜ್ಜಲಗೆರೆಯಲ್ಲಿ ಹೆದ್ದಾರಿಯ ಪಕ್ಕ ಮಾಮು ಅವರದ್ದು ಚಿಕ್ಕ ಗ್ಯಾರೇಜು. ಅಬ್ಬಾ ತಮ್ಮ ಬೈಕಿನಲ್ಲಿ ಮದ್ದೂರಿನಿಂದ ಮಂಡ್ಯದವರೆಗೆ ಅಂಗಡಿಗಳಿಗೆ ಬೇಕರಿ ಸಾಮಾನು ಹಾಕುತ್ತಾರೆ. ಶುಕ್ರವಾರ ಮಾಮು ಜುಮ್ಮಾ ನಮಾಜಿಗೆ ಬೇಗ ಹೋಗಿದ್ದರು. ನಾನೂ ಹೊರಡುವ ಅವಸರದಲ್ಲಿದ್ದೆ. ಬಿಚ್ಚಿಟ್ಟಿದ್ದ ಸೈಲೆನ್ಸರನ್ನು ಅಷ್ಟರಲ್ಲೇ ಜೋಡಿಸಿಬಿಡೋಣ ಎಂದು ಕೂತೆ. ಮೊದಲು ಹಿಂದಿನ ಬೋಲ್ಟನ್ನು ಪೂರ್ತಿ ಬಿಗಿದೆ. ಮುಂದೆ ಇಂಜಿನ್ ಬಾಯಿಗೆ ಬೆಂಡ್ ಪೈಪ್ ಸರಿಯಾಗಿ ಕೂರಲಿಲ್ಲ. ಒಂದು ಕಡೆ ಸಂದು, ಇನ್ನೊಂದು ಕಡೆ ಒತ್ತಡ. ಬಿಗಿದರೆ ತಾನೇ ಕೂರುತ್ತದೆ ಅಂದುಕೊಂಡು ಸ್ಪ್ಯಾನರಿನ ಹಿಡಿಗೆ ಪೈಪ್ ತೂರಿಸಿ ಎಳೆದೆ. ಟಕ್ ಎಂದಿತು. ಸ್ಟಡ್ ಮುರಿದು ಇಂಜಿನ್ ಒಳಗೇ ಉಳಿಯಿತು.

ಮಾಮು ಬಂದು ನೋಡಿದರು. ಬಯ್ಯಲಿಲ್ಲ. "ಪೆಹಲೆ ಸೀದಾ ಬಿಠಾ ಬೇಟಾ, ಫಿರ್ ಟೈಟ್ ಕರ್" ಎಂದರು ಅಷ್ಟೆ. ಮೊದಲು ಸೀದಾ ಕೂರಿಸು, ಆಮೇಲೆ ಬಿಗಿ ಎಂದು. ಮುರಿದ ಸ್ಟಡ್ಡಿನ ತುದಿಗೆ ನಟ್ ಒಂದನ್ನು ವೆಲ್ಡ್ ಮಾಡಿ, ನಿಧಾನವಾಗಿ ತಿರುಗಿಸಿ ಹೊರತೆಗೆಯಲು ಮರುದಿನ ಸಂಜೆಯಾಯಿತು. ಅಬ್ಬಾ ಎರಡು ಬೆಳಿಗ್ಗೆ ಟ್ರೇಗಳನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋದರು.

ಈಗ ಗೆಳೆಯನ ಪ್ರಶ್ನೆಗೆ ಬರುತ್ತೇನೆ. ಸಂಬಂಧ ಇದೆ. ಕೋವಿಯ ಸೈಲೆನ್ಸರಿಗೆ 1909ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ಹೈರಾಮ್ ಪರ್ಸಿ ಮ್ಯಾಕ್ಸಿಮ್. ಅವರ ಕಂಪನಿ ಮುಂದೆ ಇಂಜಿನ್‌ಗಳ ಸದ್ದು ತಗ್ಗಿಸುವ ಸೈಲೆನ್ಸರುಗಳನ್ನೂ ತಯಾರಿಸಿತು. ಇವರ ತಂದೆ ಸರ್ ಹೈರಾಮ್ ಮ್ಯಾಕ್ಸಿಮ್ 1884ರಲ್ಲಿ ಮ್ಯಾಕ್ಸಿಮ್ ಮೆಷಿನ್‌ಗನ್ ಕಂಡುಹಿಡಿದವರು. ಕೋವಿಗಳ ಸದ್ದಿನ ನಡುವೆಯೇ ಬದುಕಿ ಅವರ ಕಿವಿ ಪೂರ್ತಿ ಮಂದವಾಗಿತ್ತು.

ಎರಡೂ ಸೈಲೆನ್ಸರುಗಳ ಕೆಲಸದ ತತ್ವ ಒಂದೇ. ಕುಕ್ಕರಿನ ಮುಚ್ಚಳ ಒತ್ತಡ ಇರುವಾಗಲೇ ಹಾರಿಹೋದರೆ ಸಿಡಿದ ಹಾಗೆ ಸದ್ದಾಗುತ್ತದೆ. ಅದೇ ಆವಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟರೆ ಬುಸ್ ಎನ್ನುತ್ತದೆ. ಗುಂಡಿನ ಹಿಂದೆ ಬರುವ ಬಿಸಿ ಅನಿಲಕ್ಕೂ ಇದೇ ಲೆಕ್ಕ. ಕೋವಿಯ ಸೈಲೆನ್ಸರಿನ ಒಳಗೆ ಊಟದ ಕ್ಯಾರಿಯರಿನಂತೆ ಸಾಲಾಗಿ ಕೋಣೆಗಳಿರುತ್ತವೆ. ಕೋಣೆಗಳ ನಡುವಿನ ತಟ್ಟೆಗೆ ಬ್ಯಾಫಲ್ ಎನ್ನುತ್ತಾರೆ. ಪ್ರತಿ ಬ್ಯಾಫಲಿನ ನಡುವೆ ಒಂದು ತೂತು. ಗುಂಡು ಆ ತೂತುಗಳಲ್ಲಿ ನೇರ ಹೊರಟುಹೋಗುತ್ತದೆ. ಅನಿಲ ಮಾತ್ರ ಕೋಣೆ ಕೋಣೆಯಲ್ಲಿ ಸಿಕ್ಕಿಕೊಂಡು, ಹಿಗ್ಗಿ, ತಣ್ಣಗಾಗಿ ನಿಧಾನವಾಗಿ ಹೊರಬರುತ್ತದೆ.

ಸಿನಿಮಾದಲ್ಲಿ ಕೇಳಿಸುವ "ಫುಟ್" ಎಂಬ ಸದ್ದು ಸುಳ್ಳು. ಕೋವಿಗಳ ಸದ್ದು ಸಾಮಾನ್ಯವಾಗಿ 140ರಿಂದ 170 ಡೆಸಿಬೆಲ್. ಸೈಲೆನ್ಸರ್ ಅದರಲ್ಲಿ ಸುಮಾರು 20ರಿಂದ 35 ಡೆಸಿಬೆಲ್ ಕಡಿಮೆ ಮಾಡುತ್ತದೆ. ಆಮೇಲೂ ಪಕ್ಕದ ಬೀದಿಗೆ ಕೇಳಿಸುತ್ತದೆ. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ಗಾಳಿಯನ್ನು ಸೀಳುವಾಗ ಹುಟ್ಟುವ ಚಟೀರ್ ಸದ್ದನ್ನಂತೂ ಯಾವ ಸೈಲೆನ್ಸರೂ ತಡೆಯಲಾರದು. ಅದರ ನಿಜವಾದ ಉಪಯೋಗ ಹಾರಿಸುವವನ ಕಿವಿಯನ್ನು ಕಾಪಾಡುವುದು.

ಸೈಲೆನ್ಸರಿನ ದೊಡ್ಡ ಶತ್ರು ಸೊಟ್ಟ. ಬ್ಯಾಫಲಿನ ತೂತು ಗುಂಡಿಗಿಂತ 1.5 ಮಿಲಿಮೀಟರ್ ದೊಡ್ಡದಿದೆ ಎಂದುಕೊಳ್ಳಿ. ಆಗ ಗುಂಡಿನ ಸುತ್ತ ಪ್ರತಿ ಕಡೆ ಉಳಿಯುವ ಜಾಗ 0.75 ಮಿಲಿಮೀಟರ್. ಸೈಲೆನ್ಸರಿನ ಉದ್ದ 20 ಸೆಂಟಿಮೀಟರ್. ಅದು ಬರೀ ಅರ್ಧ ಡಿಗ್ರಿ ಸೊಟ್ಟ ಕೂತರೆ ಕೊನೆಯ ತೂತು ಎಷ್ಟು ಸರಿಯುತ್ತದೆ? ಸೈನ್ಸ್ ವಿಭಾಗದ ಗೆಳೆಯ ಲೆಕ್ಕ ಮಾಡಿಕೊಟ್ಟ: ಸುಮಾರು 1.7 ಮಿಲಿಮೀಟರ್. ಇರುವ ಜಾಗದ ಎರಡು ಪಟ್ಟಿಗಿಂತ ಹೆಚ್ಚು. ಅರ್ಧ ಡಿಗ್ರಿ ಎಂದರೆ ಗಡಿಯಾರದ ನಿಮಿಷದ ಮುಳ್ಳು 5 ಸೆಕೆಂಡಿನಲ್ಲಿ ಸರಿಯುವಷ್ಟು. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಗುಂಡು ತೂತಿನ ಅಂಚಿಗೆ ಬಡಿಯುತ್ತದೆ. ತಗುಲಿದ್ದು ಸ್ವಲ್ಪವಾದರೆ ಅಂಚು ಕೆತ್ತಿಹೋಗುತ್ತದೆ, ಗುರಿ ತಪ್ಪುತ್ತದೆ. ಜೋರಾಗಿ ಬಡಿದರೆ ಬ್ಯಾಫಲ್ ಹರಿಯುತ್ತದೆ, ಕೊಳವೆ ಬಿರಿಯುತ್ತದೆ, ಚೂರುಗಳು ಪಕ್ಕದವರಿಗೆ ಸಿಡಿಯಬಹುದು.

ಸೊಟ್ಟಕ್ಕೆ ಕಾರಣಗಳು ಹಲವು. ನಳಿಗೆಯ ತುದಿಯ ಮರೆ, ಅಂದರೆ ಥ್ರೆಡ್ಡು, ಒಳಗಿನ ತೂತಿಗೆ ನೇರವಾಗಿ ಕೊರೆದಿರುವುದಿಲ್ಲ. ಸೈಲೆನ್ಸರ್ ಒರಗಿ ಕೂರುವ ಅಂಚಿನಲ್ಲಿ ಮಸಿಯೋ ಕೊಳೆಯೋ ಸೇರಿರುತ್ತದೆ. ನಡುವೆ ಹಾಕಿದ ಅಮುಕುವ ವಾಷರು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕುಗ್ಗಿರುತ್ತದೆ. ಹಾರಿಸುತ್ತಾ ಹಾರಿಸುತ್ತಾ ಸೈಲೆನ್ಸರ್ ತಾನೇ ಸಡಿಲವಾಗಿರುತ್ತದೆ. ಕೆಲವೊಮ್ಮೆ ಸೈಲೆನ್ಸರ್ ನೆಟ್ಟಗೇ ಇದ್ದು, ಗುಂಡೇ ಸ್ಥಿರವಾಗಿ ತಿರುಗದೆ ಓಲಾಡಿ ಬಡಿಯುವುದೂ ಉಂಟು.

ತಿಳಿದ ಶೂಟರುಗಳು ಇದಕ್ಕೆ ಏನು ಮಾಡುತ್ತಾರೆ? ಕೋವಿ ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ನಳಿಗೆಯ ಅಳತೆಗೆ ಸರಿಯಾದ ನೇರ ಉಕ್ಕಿನ ಸರಳೊಂದನ್ನು ಒಳಗಿಂದ ತೂರಿಸುತ್ತಾರೆ. ಸೈಲೆನ್ಸರಿನ ಮುಂದಿನ ತೂತಿನಲ್ಲಿ ಸರಳು ನಟ್ಟನಡುವೆ ಕಂಡರೆ ಸರಿ. ಒಂದು ಕಡೆಗೆ ವಾಲಿದ್ದರೆ ಗುಂಡು ಹಾರಿಸುವುದಿಲ್ಲ. ಬಿಚ್ಚಿ, ಅಂಚು ಒರೆಸಿ, ಮತ್ತೆ ಕೂರಿಸಿ ನೋಡುತ್ತಾರೆ. ಆಗಲೂ ಸೊಟ್ಟವಿದ್ದರೆ ನಳಿಗೆಯ ಮರೆ ಸರಿಮಾಡಿಸಲು ಕೋವಿ ರಿಪೇರಿಯವರ ಹತ್ತಿರ ಕೊಡುತ್ತಾರೆ. ಅಮುಕುವ ವಾಷರನ್ನು ಹಾಕುವುದಿಲ್ಲ. ಹಾರಿಸುವ ನಡುವೆ ಸೈಲೆನ್ಸರ್ ಸಡಿಲವಾಗಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಾರೆ. ಒಮ್ಮೆ ಬಡಿದದ್ದು ತಿಳಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಕೆತ್ತಿಹೋದ ಬ್ಯಾಫಲನ್ನು ತಯಾರಿಸಿದವರೇ ಬದಲಿಸಿಕೊಡಬೇಕು, ಇಲ್ಲವೇ ಸೈಲೆನ್ಸರನ್ನು ಬಿಸಾಡಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆ ಸರಳು ಆಡಿಟರ್ ಇದ್ದ ಹಾಗೆ. ಖರ್ಚು ಕಡಿಮೆ, ಉಳಿಸುವುದು ಬಹಳ.

ಇಲ್ಲೊಂದು ಎಚ್ಚರಿಕೆ. ಫಿನ್ಲೆಂಡ್, ನಾರ್ವೆಯಂಥ ದೇಶಗಳಲ್ಲಿ ಬೇಟೆಗಾರರು ಕಿವಿ ಉಳಿಸಿಕೊಳ್ಳಲು ಸೈಲೆನ್ಸರ್ ಬಳಸುವುದು ಸಾಮಾನ್ಯ. ನಮ್ಮಲ್ಲಿ ಹಾಗಲ್ಲ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ ಕೋವಿಯ ಸದ್ದು ತಗ್ಗಿಸುವ ಸಾಧನವೂ ಬಂದೂಕು ಎಂದೇ ಲೆಕ್ಕ. ವಿಡಿಯೋ ನೋಡಿ ಮಾಡಲು ಹೋದರೆ ಅದು ಆಟವಲ್ಲ, ಅಪರಾಧ. ನಮ್ಮ ಎನ್‌ಸಿಸಿ ಗೆಳೆಯರು ಕಿವಿಗೆ ಇಯರ್ ಪ್ಲಗ್ ಹಾಕಿಕೊಂಡರೆ ಸಾಕು.

ನಮ್ಮ ಪಾಲಿಗೆ ಉಳಿದದ್ದು ಬೈಕಿನ ಸೈಲೆನ್ಸರು. ಅಲ್ಲಿ ಗುಂಡು ಇಲ್ಲ, ಆದರೆ ಸೊಟ್ಟ ಅಲ್ಲೂ ಬಿಡುವುದಿಲ್ಲ. ಮಾಮು ಕೆಲಸ ಕಲಿತದ್ದು ಯೆಜ್ಡಿ ಬೈಕುಗಳ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಬೈಕುಗಳಿಗೆ ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಲಿತ ಪಾಠ ಮಾತ್ರ ಮಾಮು ಕೈಯಲ್ಲಿ ಉಳಿದಿದೆ: ಎಲ್ಲ ನಟ್ಟುಗಳನ್ನೂ ಮೊದಲು ಬೆರಳಲ್ಲೇ ಹಿಡಿಸು. ಹೊಸ ಗ್ಯಾಸ್ಕೆಟ್ ರಿಂಗ್ ಹಾಕು. ಪೈಪ್ ಎಲ್ಲೂ ಎಳೆಯದೆ ತಾನೇ ಕೂತಿದೆಯೇ ನೋಡು. ಮುಂದಿನ ಎರಡು ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ. ಹಿಂದಿನ ಬೋಲ್ಟು ಕೊನೆಗೆ. ಬಲವಂತವಾಗಿ ಕೂರಿಸಿದ ಸೈಲೆನ್ಸರ್ ಆ ದಿನ ಸರಿಯಾಗಿ ಕಂಡರೂ, ಇಂಜಿನ್ನಿನ ನಡುಕಕ್ಕೆ ಕೆಲವೇ ತಿಂಗಳಲ್ಲಿ ಬ್ರಾಕೆಟ್ಟಿನ ವೆಲ್ಡಿಂಗ್ ಬಿರುಕು ಬಿಡುತ್ತದೆ, ಇಲ್ಲವೇ ಗ್ಯಾಸ್ಕೆಟ್ ಹತ್ತಿರ ಹೊಗೆ ಸೋರುತ್ತದೆ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಂದೆ ಹೋಗುತ್ತೇವಲ್ಲ, ಸ್ಪ್ಯಾನರಿಗೆ ಪೈಪ್ ತೂರಿಸಿ ನಾನು ಮಾಡಿದ್ದು ಅದನ್ನೇ. ತಪ್ಪು ಅಲ್ಲೇ ಇತ್ತು. ಕಾಣದ ಹಾಗೆ ಮಾಡಲು ಹೊರಟಿದ್ದೆ.

ಕೊನೆಗೆ ಒಂದು ಮಾತು. ಸದ್ದು ಬರಲಿ ಎಂದು ಸೈಲೆನ್ಸರಿನ ಒಳಗಿನದನ್ನು ತೆಗೆಸಲು ನಮ್ಮ ವಯಸ್ಸಿನವರು ಮಾಮು ಹತ್ತಿರ ಬರುತ್ತಾರೆ. ಮಾಮು ಮಾಡಿಕೊಡುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. ಶಬ್ದದ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡವೋ ಮೂರು ತಿಂಗಳವರೆಗೆ ಜೈಲೋ ಆಗಬಹುದು. ಮಾಮು ಹೇಳುವ ಕಾರಣ ಮಾತ್ರ ಬೇರೆ. ಮೂವತ್ತು ವರ್ಷ ಇಂಜಿನ್ ಪಕ್ಕದಲ್ಲೇ ಕೂತು ಅವರ ಎಡಗಿವಿ ಮಂದವಾಗಿದೆ. ಅಮ್ಮಿ ಊಟಕ್ಕೆ ಎರಡು ಸಲ ಕರೆಯಬೇಕು.

ಮೊನ್ನೆ ಅಬ್ಬಾ ಬೈಕಿನ ಸೈಲೆನ್ಸರನ್ನು ಮಾಮು ಎದುರೇ ನಾನು ಮತ್ತೆ ಕೂರಿಸಿದೆ. ಮೊದಲು ಬೆರಳಲ್ಲಿ, ಆಮೇಲೆ ಸ್ಪ್ಯಾನರಿನಲ್ಲಿ. ಸ್ಟಾರ್ಟ್ ಮಾಡಿದಾಗ ಮಾಮು ಬಲಗಿವಿಯನ್ನು ಹತ್ತಿರ ತಂದು ಕೇಳಿಸಿಕೊಂಡರು. ಸೋರಿಕೆ ಇರಲಿಲ್ಲ.